ಗೋಕಾಕ ಫಾಲ್ಸ್ ವರ್ಷಪೂರ್ತಿ ತುಂಬಿ ಹರಿಯೋದಿಲ್ಲ

ಗೋಕಾಕ ಫಾಲ್ಸ್ ವರ್ಷವಿಡೀ ಹೀಗೇ ತುಂಬಿ ಹರಿಯುತ್ತದೆ, ಏಪ್ರಿಲ್ ರಜೆಗೆ ಮಕ್ಕಳನ್ನು ಕರ್ಕೊಂಡು ಬನ್ನಿ ಅಂತ ಒಂದು ವಿಡಿಯೊ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಇದು ತಪ್ಪು. ದಯವಿಟ್ಟು ಇದನ್ನು ನಂಬಿ ದೂರದಿಂದ ಹೊರಡಬೇಡಿ.

ವಿಡಿಯೊದಲ್ಲಿ ಕಾಣುವ ಆ ಕೆಂಪು ನೀರು ಮಳೆಗಾಲದ್ದು. ಘಟಪ್ರಭೆ ಇಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಬೀಳುವುದು ನಿಜ, ಆದರೆ ನದಿಯ ಮೇಲ್ಭಾಗದಲ್ಲಿ ಹಿಡಕಲ್ ಡ್ಯಾಮ್ ಇದೆ, ಧುಪದಾಳದ ಹತ್ತಿರ ನೀರು ಕಾಲುವೆಗೆ ತಿರುಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಫಾಲ್ಸ್‌ಗೆ ಉಳಿಯೋದು ತೀರಾ ಕಡಿಮೆ. ಆಗ ಕಾಣೋದು ಕುದುರೆ ಲಾಳದ ಆಕಾರದ ಒಣ ಬಂಡೆ, ಅಲ್ಲಲ್ಲಿ ಸಣ್ಣ ಧಾರೆ, ಅಷ್ಟೇ.

ಅದೇ ವಿಡಿಯೊದಲ್ಲಿ ಗೊಡಚಿನಮಲ್ಕಿಯೂ ಘಟಪ್ರಭೆಯ ಫಾಲ್ಸ್ ಅಂದಿದ್ದಾರೆ. ಅಲ್ಲ, ಅದು ಮಾರ್ಕಂಡೇಯ ನದಿಯದು. ಎರಡು ಹಂತದಲ್ಲಿ ಬೀಳುತ್ತದೆ, ಅದಕ್ಕೂ ಮಳೆಯೇ ಬೇಕು.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬನ್ನಿ, ಚೆನ್ನಾಗಿ ಮಳೆಯಾಗಿದ್ದರೆ ಕಣ್ತುಂಬ ನೋಡಬಹುದು. ಆದರೆ ಫೋಟೊಗೋಸ್ಕರ ಅಂಚಿನ ಬಂಡೆಗೆ ಮಾತ್ರ ಇಳಿಯಬೇಡಿ, ಪಾಚಿ ಕಟ್ಟಿ ವಿಪರೀತ ಜಾರುತ್ತದೆ. ಹೊರಡೋ ಮುಂಚೆ ಗೋಕಾಕದಲ್ಲಿ ಪರಿಚಯದವರಿದ್ದರೆ ಫೋನ್ ಮಾಡಿ, ನೀರು ಎಷ್ಟಿದೆ ಅಂತ ಕೇಳಿಕೊಳ್ಳಿ.