ಸೊರೊರಿಟಿ ರಶ್: ಉಷಾಗೆ ಬಿಡ್ ಯಾಕೆ ಸಿಗಲಿಲ್ಲ?

ಮಗಳನ್ನು ಅಮೆರಿಕದ ಕಾಲೇಜಿಗೆ ಸೇರಿಸಿದ ಅಲ್ಲಿನ ಕನ್ನಡದ ಮನೆಗಳಲ್ಲಿ ಆಗಸ್ಟ್ ಬಂತೆಂದರೆ ಒಂದು ಪದ ಓಡಾಡುತ್ತದೆ: ರಶ್. ಹುಡುಗಿಯರ ಸಂಘಗಳಾದ ಸೊರೊರಿಟಿಗಳಿಗೆ ಸದಸ್ಯರನ್ನು ಆರಿಸಿಕೊಳ್ಳುವ ವಾರ ಅದು. ಸೇರಲು ಬಾ ಎಂದು ಸೊರೊರಿಟಿ ಕೊಡುವ ಕರೆಗೆ ‘ಬಿಡ್’ ಎನ್ನುತ್ತಾರೆ. ವಾರದ ಮಧ್ಯೆ ಹುಡುಗಿ ಫೋನ್ ಮಾಡಿ ‘ನಾನು ಅವ್ರಿಗೆ ಇಷ್ಟ ಆಗ್ಲಿಲ್ಲ ಅಮ್ಮಾ’ ಎಂದು ಅಳುತ್ತಾಳೆ. ಬಹಳ ಸಲ ಅಲ್ಲಿ ನಡೆದಿರುವುದು ಇಷ್ಟ–ಕಷ್ಟದ ಮಾತಲ್ಲ, ಬರೀ ಲೆಕ್ಕ. ಆ ಲೆಕ್ಕವನ್ನು ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ ಅನ್ನುವುದೇ ನನ್ನ ತಕರಾರು.

ದೊಡ್ಡ ಕ್ಯಾಂಪಸ್‌ಗಳ ರಶ್ ನಡೆಯುವುದು 1902ರಲ್ಲಿ ಶುರುವಾದ, ಸೊರೊರಿಟಿಗಳ ಒಕ್ಕೂಟವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್‌ನ ನಿಯಮದಂತೆ. ದಕ್ಷಿಣದ ರಾಜ್ಯಗಳಲ್ಲಿ ಬಹಳ ಕಡೆ ಕ್ಲಾಸು ಶುರುವಾಗುವ ಮೊದಲೇ ಮುಗಿದುಹೋಗುತ್ತದೆ. ಕೆಲವು ಕಡೆ ಜನವರಿಗೆ. ಅಲಬಾಮಾ ವಿಶ್ವವಿದ್ಯಾಲಯದಲ್ಲಂತೂ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರು. ಮೊದಲ ಸುತ್ತಿನಲ್ಲಿ ಎಲ್ಲ ಮನೆಗಳಿಗೂ ಹೋಗಬೇಕು. (ಸೊರೊರಿಟಿಯ ಕ್ಯಾಂಪಸ್ ಶಾಖೆಯಾದ ಚಾಪ್ಟರ್‌ಗೆ ಅಲ್ಲಿ ಹುಡುಗಿಯರು ‘ಹೌಸ್’ ಎಂದೇ ಅನ್ನುವುದು.) ಆಮೇಲೆ ಸೇವಾಕಾರ್ಯದ ಸುತ್ತು, ಸಿಸ್ಟರ್‌ಹುಡ್ ಸುತ್ತು, ಕೊನೆಗೆ ಪ್ರಿಫರೆನ್ಸ್. ಸುತ್ತು ಸುತ್ತಿಗೂ ಮನೆಗಳು ಕಮ್ಮಿಯಾಗುತ್ತಾ ಪ್ರಿಫರೆನ್ಸ್‌ಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಎರಡೇ ಉಳಿಯುತ್ತವೆ. ಒಂದು ಮನೆಯೊಳಗೆ ಅರ್ಧ ಗಂಟೆ ಕೂತರೆ ಮೂರ್ನಾಲ್ಕು ಸದಸ್ಯರು ಸರದಿಯ ಮೇಲೆ ಬಂದು ಮಾತಾಡಿಸುತ್ತಾರೆ. ನೀವು ಬಾಗಿಲು ದಾಟಿದ ಮೇಲೆ ಅವರು ಅಂಕ ಹಾಕುತ್ತಾರೆ. ಅದೇ ಹೊತ್ತಿಗೆ ನೀವೂ ಮನೆಗಳನ್ನು ಶ್ರೇಣಿ ಹಚ್ಚುತ್ತಿರುತ್ತೀರಿ.

ಈಗ ಲೆಕ್ಕಕ್ಕೆ ಬರೋಣ. ಪ್ರತಿ ಸುತ್ತಿಗೂ ಯಾವ ಮನೆ ಎಷ್ಟು ಹುಡುಗಿಯರನ್ನು ವಾಪಸ್ ಕರೆಯಬಹುದು ಎಂಬುದಕ್ಕೆ ‘ರಿಲೀಸ್ ಫಿಗರ್’ ಎಂಬ ಲೆಕ್ಕವಿದೆ. ಹಿಂದಿನ ವರ್ಷಗಳಲ್ಲಿ ಕರೆದವರ ಪೈಕಿ ಎಷ್ಟು ಮಂದಿ ಆ ಮನೆಗೇ ತಿರುಗಿ ಬಂದರು ಎಂಬುದನ್ನು ನೋಡಿ ಸಂಖ್ಯೆ ಕಟ್ಟುತ್ತಾರೆ. ಎಲ್ಲರೂ ಮುಗಿಬೀಳುವ ಮನೆ ಮೊದಲ ಸುತ್ತಿನಲ್ಲೇ ನೂರಾರು ಜನರನ್ನು ಬಿಡಲೇಬೇಕು. ಬಿಡದೆ ಇಟ್ಟುಕೊಂಡರೆ ಆ ಹುಡುಗಿಯರೆಲ್ಲ ಅದೇ ಆಸೆಯಲ್ಲಿ ಬೇರೆ ಮನೆಗಳನ್ನು ಕಡೆಗಣಿಸಿ, ಕೊನೆಯ ದಿನ ಕೈ ಖಾಲಿ ಮಾಡಿಕೊಳ್ಳುತ್ತಾರೆ. ಹಾಗಾಗಿ ಎರಡನೇ ದಿನ ಹೆಸರುವಾಸಿ ಮನೆ ಕೈಬಿಟ್ಟಿತೆಂದರೆ ಅದು ನಿಮ್ಮ ಬಗೆಗಿನ ತೀರ್ಪೇ ಆಗಿರಬೇಕೆಂದಿಲ್ಲ. ಕಟುವಾಗಿ ಕಂಡರೂ ನನ್ನ ಲೆಕ್ಕದಲ್ಲಿ ಇದೇ ಹೆಚ್ಚು ದಯೆಯ ಕ್ರಮ.

ಪ್ರಿಫರೆನ್ಸ್ ಮುಗಿದ ಕೂಡಲೇ ಹುಡುಗಿ ಎಂ.ಆರ್.ಎ.ಬಿ.ಎ. ಎಂಬ ಒಪ್ಪಂದಕ್ಕೆ ಸಹಿ ಹಾಕಿ ಮನೆಗಳನ್ನು ಕ್ರಮವಾಗಿ ಬರೆಯಬೇಕು. ಕೊಟ್ಟ ಮೇಲೆ ತಿದ್ದುವಂತಿಲ್ಲ. ಬರೆದ ಮನೆಯಿಂದ ಬಿಡ್ ಬಂದು ಬೇಡ ಎಂದರೆ, ಆ ಕ್ಯಾಂಪಸ್ಸಿನ ಬೇರೆ ಯಾವ ಪ್ಯಾನ್‌ಹೆಲೆನಿಕ್ ಮನೆಗೂ ಮುಂದಿನ ಮುಖ್ಯ ರಶ್‌ವರೆಗೆ ಸೇರುವಂತಿಲ್ಲ. ಅತ್ತ ಮನೆಗಳು ಎರಡು ಪಟ್ಟಿ ಕೊಡುತ್ತವೆ: ಮೊದಲನೆಯದರಲ್ಲಿ ಕೋಟಾದಷ್ಟು (ಮನೆಯೊಂದು ಆ ರಶ್‌ನಲ್ಲಿ ಸೇರಿಸಿಕೊಳ್ಳಬಹುದಾದಷ್ಟು) ಹೆಸರು, ಎರಡನೆಯದರಲ್ಲಿ ಕ್ರಮವಾಗಿ ಉಳಿದವರು.

ಹುಡುಗಿಯರು ಬರೆದದ್ದನ್ನೂ ಮನೆಗಳ ಪಟ್ಟಿಯನ್ನೂ ತಾಳೆ ಹಾಕಿ ಜೋಡಿಸುವುದೇ ಹೊಂದಾಣಿಕೆ. ಒಂದು ಪುಟ್ಟ ಉದಾಹರಣೆ. ಎರಡು ಮನೆ, ಮಲ್ಲಿಗೆ ಮತ್ತು ಸಂಪಿಗೆ. ಕೋಟಾ ತಲಾ ಎರಡು. ಮಲ್ಲಿಗೆಯ ಮೊದಲ ಪಟ್ಟಿಯಲ್ಲಿ ಆಶಾ, ರೇಖಾ. ಎರಡನೆಯದರಲ್ಲಿ ಲತಾ, ಉಷಾ. ಸಂಪಿಗೆಯ ಮೊದಲ ಪಟ್ಟಿಯಲ್ಲಿ ರೇಖಾ, ಲತಾ. ಎರಡನೆಯದರಲ್ಲಿ ಉಷಾ, ಆಶಾ. ಆಶಾ ಮತ್ತು ಲತಾ ಬರೆದದ್ದು ಮಲ್ಲಿಗೆ ಮೊದಲು, ಸಂಪಿಗೆ ಆಮೇಲೆ. ರೇಖಾ ಸಂಪಿಗೆ ಮೊದಲು. ಉಷಾ ಮಲ್ಲಿಗೆ ಒಂದನ್ನೇ ಬರೆದಳು.

ಆಶಾ ಮಲ್ಲಿಗೆಗೆ, ರೇಖಾ ಸಂಪಿಗೆಗೆ ಸೇರಿದರು. ಮಲ್ಲಿಗೆಯ ಮೊದಲ ಪಟ್ಟಿಯಲ್ಲಿ ರೇಖಾಳ ಜಾಗ ತೆರವಾಯಿತು, ಅಲ್ಲಿಯವರೆಗೆ ಕಾಯುತ್ತಿದ್ದ ಲತಾ ಮೇಲೆ ಬಂದಳು. ಮಲ್ಲಿಗೆ ಭರ್ತಿ. ಈಗ ಸಂಪಿಗೆಯಲ್ಲಿ ಲತಾಳ ಜಾಗ ಖಾಲಿ, ಮುಂದಿನ ಹೆಸರು ಉಷಾಳದೇ. ಆದರೆ ಉಷಾ ಸಂಪಿಗೆಯನ್ನು ಬರೆದೇ ಇಲ್ಲವಲ್ಲ! ಅವಳನ್ನು ಬೇಕೆಂದ ಮನೆಯಲ್ಲಿ ಒಂದು ಜಾಗ ಖಾಲಿ, ಅವಳ ಕೈಯೂ ಖಾಲಿ.

ನಮ್ಮ ಸಿಇಟಿ ಆಪ್ಷನ್ ಎಂಟ್ರಿಯಲ್ಲಿ ಎರಡೇ ಕಾಲೇಜು ಹಾಕಿ ಸೀಟಿಲ್ಲದೆ ಉಳಿಯುವವರ ಕಥೆಯೂ ಇಂಥದ್ದೇ. ಅಲ್ಲಿ ಎಲ್ಲರಿಗೂ ಒಂದೇ ರ‍್ಯಾಂಕ್ ಪಟ್ಟಿ, ಇಲ್ಲಿ ಮನೆಗೊಂದು ಪಟ್ಟಿ, ಅದೊಂದೇ ವ್ಯತ್ಯಾಸ. ಅಂದಹಾಗೆ, 2012ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಲ್ವಿನ್ ರಾತ್ ಅವರು ಸೂಸನ್ ಮಾಂಗೆಲ್ ಜೊತೆ 1991ರಲ್ಲಿ ಈ ಹೊಂದಾಣಿಕೆಯ ಮೇಲೆಯೇ ಪ್ರಬಂಧ ಬರೆದಿದ್ದಾರೆ. ಅವರು ನೋಡಿದ ಕ್ಯಾಂಪಸ್‌ಗಳಲ್ಲೂ ಬಹಳ ಹುಡುಗಿಯರು ಒಂದೇ ಹೆಸರು ಬರೆದಿದ್ದರು.

ಎರಡೂ ಮನೆ ಬರೆದು, ಕರೆದ ಕಡೆಗೆಲ್ಲ ಹೋಗಿಬಂದವರಿಗೆ ಇನ್ನೊಂದು ರಕ್ಷಣೆಯಿದೆ: ಹೊಂದಾಣಿಕೆಯಲ್ಲಿ ತಪ್ಪಿಹೋದರೂ ‘ಕೋಟಾ ಅಡಿಷನ್’ ಎಂದು ಕೋಟಾದ ಮೇಲೊಂದು ಜಾಗ ಮಾಡಿ ಸೇರಿಸಬಹುದು. ಉಷಾಗೆ ಆ ಬಾಗಿಲೂ ಮುಚ್ಚಿತು. ರೋ ಗಾಮಾ ಎಂದೋ ಪೈ ಕೈ ಎಂದೋ ಕರೆಯುವ ಮಾರ್ಗದರ್ಶಕಿಯರು ‘ಪ್ರೊಸೆಸ್ ನಂಬು’ ಎಂದು ನೂರು ಸಲ ಹೇಳುವ ಬದಲು ಈ ನಾಲ್ಕು ಹೆಸರಿನ ಲೆಕ್ಕವನ್ನು ಒಮ್ಮೆ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಸಾಕಿತ್ತು.

ಹಾಗಂತ ಎಲ್ಲವೂ ಲೆಕ್ಕವಲ್ಲ. ಹೊಂದಾಣಿಕೆ ಈ ವ್ಯವಸ್ಥೆಯ ಅತ್ಯಂತ ಶುದ್ಧ ಭಾಗ. ಕೊಳೆ ಇರುವುದು ಪಟ್ಟಿ ತಯಾರಾಗುವ ಕೋಣೆಯಲ್ಲಿ. ಅಲಬಾಮಾದಲ್ಲಿ ಕಪ್ಪು ಹುಡುಗಿಯರನ್ನು ಹೇಗೆ ಹೊರಗಿಡಲಾಗುತ್ತಿತ್ತು ಎಂಬುದನ್ನು ವಿದ್ಯಾರ್ಥಿ ಪತ್ರಿಕೆ ‘ದಿ ಕ್ರಿಮ್ಸನ್ ವೈಟ್’ 2013ರಲ್ಲಿ ಬಯಲು ಮಾಡಿದ ಮೇಲೆಯೇ ಅಲ್ಲಿ ಬಾಗಿಲು ಸರಿಯಾಗಿ ತೆರೆದದ್ದು. ಅಮ್ಮ ಅಕ್ಕ ಅದೇ ಸೊರೊರಿಟಿಯವರಾಗಿದ್ದರೆ ಸಿಗುತ್ತಿದ್ದ ‘ಲೆಗಸಿ’ ಆದ್ಯತೆಯನ್ನು ಹಲವು ಸೊರೊರಿಟಿಗಳು ಕೈಬಿಟ್ಟದ್ದು ಈಚೆಗೆ. ನಮ್ಮ ಹುಡುಗಿಯರಿಗೆ ಅದು ಮೊದಲೂ ಇರಲಿಲ್ಲ ಬಿಡಿ. 1998ರಲ್ಲಿ ಹುಟ್ಟಿದ ಡೆಲ್ಟಾ ಫೈ ಒಮೇಗಾದಂಥ ದಕ್ಷಿಣ ಏಷ್ಯಾ ಸೊರೊರಿಟಿಗಳು ಈ ಹೊಂದಾಣಿಕೆಯ ಹೊರಗೇ ಇವೆ, ಅವುಗಳ ಸೇರ್ಪಡೆ ಬೇರೆಯೇ. ಎಲ್ಲಿ ಸೇರಿದರೂ ಶುಲ್ಕ ಎಷ್ಟೆಂದು ಮೊದಲ ದಿನವೇ ಕೇಳಿ. ದೊಡ್ಡ ಕ್ಯಾಂಪಸ್‌ನಲ್ಲಿ ವರ್ಷಕ್ಕೆ ಸಾವಿರಾರು ಡಾಲರ್ ಆಗುತ್ತದೆ.

ಇನ್ನು ಉಷಾ. ಯಾವ ಮನೆಯ ಬಿಡ್ಡೂ ಬಾರದ್ದರಿಂದ ಒಪ್ಪಂದ ಅವಳನ್ನು ಕಟ್ಟಿಹಾಕುವುದಿಲ್ಲ. ಕೋಟಾ ತುಂಬದ ಸಂಪಿಗೆಯವರು ಬಿಡ್ ಹಂಚುವ ಮೊದಲೇ ‘ಸ್ನ್ಯಾಪ್ ಬಿಡ್’ ಕೊಡಬಹುದು. ಆಮೇಲೂ ಮನೆಯ ಒಟ್ಟು ಸದಸ್ಯರ ಮಿತಿಯೊಳಗೆ ಜಾಗ ಇದ್ದರೆ ಸೆಮಿಸ್ಟರ್ ಪೂರ್ತಿ ಸಿ.ಓ.ಬಿ., ಅಂದರೆ ರಶ್ ಮುಗಿದ ಮೇಲೂ ಬಿಡ್ ಕೊಡುವ ದಾರಿ, ತೆರೆದಿರುತ್ತದೆ. ಹಾಗಾಗಿ ಬಿಡ್ ಡೇ ಬೆಳಗ್ಗೆ ಫೋನ್ ಸ್ವಿಚ್ ಆಫ್ ಮಾಡಿ ಮಲಗಬೇಡ ಎಂದು ಹೇಳಿ ಅವಳಿಗೆ.