ನಡುವೆ ಕೂರಿಸಿದರೆ ಸಾಲದು

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಬಗೆಗಿನ ನಿಮ್ಮ ಲೇಖನದಲ್ಲಿ ಲೋಡ್ ಲೈನ್ (ಟ್ರಾನ್ಸಿಸ್ಟರ್ ಮೇಲಿನ ವೋಲ್ಟೇಜಿಗೆ ಕಲೆಕ್ಟರ್ ಕರೆಂಟ್ ಎಷ್ಟು ಅಂತ ತೋರಿಸುವ ಗೆರೆ) ಎಳೆಯೋದನ್ನು ಚೆನ್ನಾಗಿ ಹೇಳಿದ್ದೀರಿ ಸರ್. ಆದರೆ "ಬೇಸ್‌ಗೆ ಒಂದು ರೆಸಿಸ್ಟರ್ ಹಾಕಿ, ಕ್ಯೂ ಪಾಯಿಂಟನ್ನು ಗೆರೆಯ ನಡುವೆ ಕೂರಿಸಿದರೆ ಕೆಲಸ ಮುಗಿಯಿತು" ಅಂದಿರೋದನ್ನು ಒಪ್ಪಲಾರೆ. ಕ್ಯೂ ಪಾಯಿಂಟ್ ಅಂದರೆ ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರ್ ಆ ಗೆರೆಯ ಮೇಲೆ ನಿಲ್ಲುವ ಜಾಗ. ನಡುವೆ ಕೂರಿಸಬಹುದು, ಅದು ಅಲ್ಲೇ ಕೂತಿರಬೇಕಲ್ವಾ?

ನಿಮ್ಮ ಸರ್ಕ್ಯೂಟನ್ನೇ ನೋಡಿ. 12 ವೋಲ್ಟ್ ಸಪ್ಲೈ, ಕಲೆಕ್ಟರ್‌ಗೆ 1 ಕಿಲೋ ಓಮ್, ಬೇಸ್‌ಗೆ 390 ಕಿಲೋ ಓಮ್, ಟ್ರಾನ್ಸಿಸ್ಟರ್ ಬಿಸಿ547. ಬೇಸ್ ಕರೆಂಟ್ ಸುಮಾರು 29 ಮೈಕ್ರೋ ಆಂಪಿಯರ್. ಬೀಟಾ (ಕಲೆಕ್ಟರ್ ಕರೆಂಟ್ ಬೇಸ್ ಕರೆಂಟಿನ ಎಷ್ಟು ಪಟ್ಟು ಅನ್ನೋದು) 200 ಇದ್ದರೆ ಕಲೆಕ್ಟರ್‌ನಲ್ಲಿ 5.8 ಮಿಲಿ ಆಂಪಿಯರ್, ಹೆಚ್ಚುಕಡಿಮೆ ನಡುವೆಯೇ. ಆದರೆ ಅಂಗಡಿಯವರು ಅದೇ ಟ್ರಾನ್ಸಿಸ್ಟರಿನ ಸಿ ದರ್ಜೆಯ ಬಿಸಿ547ಸಿ ಕೊಟ್ಟರೋ, ಅದರ ಬೀಟಾ 420ರಿಂದ ಶುರು. ಲೆಕ್ಕಕ್ಕೆ 12 ಮಿಲಿ ಆಂಪಿಯರ್ ದಾಟುತ್ತದೆ, ಗೆರೆಯ ತುದಿಯೇ 12 (12 ವೋಲ್ಟನ್ನು 1 ಕಿಲೋ ಓಮ್‌ನಿಂದ ಭಾಗಿಸಿದರೆ ಅಷ್ಟೇ)! ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆಗುತ್ತದೆ, ಅಂದರೆ ಕರೆಂಟ್ ಇನ್ನು ಮೇಲೇರದು; ಸಿಗ್ನಲ್ ಕೊಟ್ಟರೆ ಅಲೆಯ ಒಂದು ಅರ್ಧ ಮಾಯ.

ಇದರ ಬದಲು ಬೇಸ್‌ಗೆ 10 ಕಿಲೋ ಮತ್ತು 1.8 ಕಿಲೋ ಡಿವೈಡರ್ (ಸಪ್ಲೈ ವೋಲ್ಟೇಜನ್ನು ಹಂಚಿ ಬೇಸ್‌ಗೆ ಕೊಡುವ ಜೋಡಿ ರೆಸಿಸ್ಟರ್), ಎಮಿಟರ್‌ಗೆ 220 ಓಮ್ ಹಾಕಿ ನೋಡಿ. ಬೀಟಾ 200 ಇರಲಿ, 420 ಇರಲಿ, ಕಲೆಕ್ಟರ್ ಕರೆಂಟ್ 5 ಮಿಲಿ ಆಂಪಿಯರ್ ಆಸುಪಾಸಿನಲ್ಲೇ ಇರುತ್ತದೆ. ಎರಡು ರೆಸಿಸ್ಟರ್ ಜಾಸ್ತಿ, ಅಷ್ಟೇ ಖರ್ಚು.

ಇನ್ನು "ನಡುವೆ" ಅನ್ನೋದೂ ಡಿಸಿ ಗೆರೆಗೆ, ಅಂದರೆ ಸಿಗ್ನಲ್ ಇಲ್ಲದಾಗಿನ ಲೆಕ್ಕಕ್ಕೆ ಮಾತ್ರ. ಕೆಪಾಸಿಟರ್ ಮೂಲಕ ಮುಂದೆ 1 ಕಿಲೋ ಲೋಡ್ ಹಾಕಿ, ಎಮಿಟರ್ ರೆಸಿಸ್ಟರಿಗೆ ಸಮಾಂತರವಾಗಿ ಕೆಪಾಸಿಟರ್ ಹಾಕಿ ಅದನ್ನು ಬೈಪಾಸ್ ಮಾಡಿದರೆ ಸಿಗ್ನಲ್‌ಗೆ ಕಾಣೋದು 500 ಓಮ್ (ಕಲೆಕ್ಟರ್‌ನ 1 ಕಿಲೋ, ಲೋಡಿನ 1 ಕಿಲೋ ಸಮಾಂತರವಾಗಿ). ಆಗ 5 ಮಿಲಿ ಆಂಪಿಯರ್‌ನಲ್ಲಿ ಔಟ್‌ಪುಟ್ ಮೇಲಕ್ಕೆ 2.5 ವೋಲ್ಟ್ ಮಾತ್ರ ಹೋಗಬಲ್ಲದು, ಕೆಳಗೆ ಐದಕ್ಕೂ ಜಾಸ್ತಿ ಜಾಗ ಸುಮ್ನೆ ಖಾಲಿ. ಎರಡೂ ಕಡೆ ಸಮ ಬೇಕಂದರೆ ಕರೆಂಟನ್ನು 7 ಮಿಲಿ ಆಂಪಿಯರ್ ಹತ್ತಿರ ಏರಿಸಬೇಕು. ಮುಂದಿನ ಭಾಗದಲ್ಲಿ ಸಿಗ್ನಲ್ ಇರುವಾಗಿನ ಎಸಿ ಲೋಡ್ ಲೈನ್ ಕೂಡ ಎಳೆದು ತೋರಿಸಿ ಸರ್.