ಕಾದಂಬರಿಗೊಂದು ಮಡಿಬಟ್ಟೆ

ಮಡಿ-ಮೈಲಿಗೆ ನಮ್ಮ ಅಗ್ರಹಾರಗಳ ಪಿತ್ರಾರ್ಜಿತ ಎಂದು ಬೀಗುವವರು ಒಮ್ಮೆ ಆಸ್ಟ್ರೇಲಿಯಾದ ಪುಸ್ತಕದಂಗಡಿಗೆ ಹೋಗಿಬರಬೇಕು. ಅಲ್ಲಿ ಅಮೆರಿಕದ ಬ್ರೆಟ್ ಈಸ್ಟನ್ ಎಲ್ಲಿಸ್ ಬರೆದ, ಸೂಟುಧಾರಿ ಸರಣಿ ಕೊಲೆಗಾರನೊಬ್ಬ ತಾನೇ ಹೇಳುವ ‘ಅಮೆರಿಕನ್ ಸೈಕೋ’ ಕಾದಂಬರಿಗೆ ಪ್ಲಾಸ್ಟಿಕ್ ಸುತ್ತಿಯೇ ಮಾರಬೇಕು, ಅದೂ 18 ತುಂಬಿದವರಿಗೆ. 2015ರಲ್ಲಿ ಅಡಿಲೇಡ್‌ನ ಅಂಗಡಿಯೊಂದರಲ್ಲಿ ಅದು ಬರಿಮೈಯಲ್ಲಿ ಕೂತಿದೆ ಎಂದು ಯಾರೋ ದೂರಿತ್ತರು. ಪೊಲೀಸರೇ ಬಂದರು.

ಮಡಿ ಉಡಿಸುವುದೂ ಒಂದು ವಿದ್ಯೆ. ಪುಸ್ತಕಕ್ಕಿಂತ ತುಸು ದೊಡ್ಡದಾದ, ಬಿಸಿ ತಾಕಿದರೆ ಕುಗ್ಗುವ ಶ್ರಿಂಕ್ ಫಿಲ್ಮ್ ಚೀಲದಲ್ಲಿ ಪ್ರತಿ ಇಳಿಸಿ, ಬಾಯಿಗೆ ಬಿಸಿ ಸೀಲ್ ಹಾಕಿ, ಹೀಟ್ ಗನ್ ಆಡಿಸುತ್ತ ಹೋಗಬೇಕು. ಗನ್ ಒಂದೇ ಕಡೆ ನಿಂತರೆ ಫಿಲ್ಮ್ ಕರಗುತ್ತದೆ. ಅತಿಯಾಗಿ ಕುಗ್ಗಿದರೆ ತೆಳು ರಟ್ಟು ದೋಣಿಯಂತೆ ಬಾಗುತ್ತದೆ. ಒಳಗಿನ ಗಾಳಿ ಹೋಗಲು ಸೂಜಿತೂತು ಇಲ್ಲದಿದ್ದರೆ ಇಡೀ ಕಟ್ಟು ಪೂರಿಯಂತೆ ಉಬ್ಬುತ್ತದೆ. ಆ ತೂತಿನಿಂದ ದಿನಕ್ಕೆ ಎಷ್ಟು ವಿಕೃತಿ ಸೋರಬಹುದು ಎಂಬುದನ್ನು ಯಾವ ಅಧಿಕಾರಿಯೂ ಅಳೆದಂತಿಲ್ಲ.

ಇನ್ನು ಕವರು ಹರಿದು ಓದಲು ಕೂತವನ ಪಾಡು. ಘೋರ ಉಣ್ಣಲು ಬಂದವನಿಗೆ ಎಲೆಯ ಮೇಲೆ ಬೀಳುವುದು ಜವಳಿ. ಯಾರ ಸೂಟು ಯಾವ ಕಂಪನಿಯದು, ಟೈ ಯಾವುದು, ಯಾವ ಹೋಟೆಲಿನಲ್ಲಿ ಟೇಬಲ್ ಸಿಕ್ಕಿತು, ಯಾರ ವಿಸಿಟಿಂಗ್ ಕಾರ್ಡಿನ ಅಚ್ಚು ಹೆಚ್ಚು ಚೆಂದ. ಹಿಂಸೆ ಮೊದಲ ಸಲ ಪೂರ್ತಿ ಬಾಯಿ ತೆರೆಯುವ ಹೊತ್ತಿಗೆ 100ಕ್ಕೂ ಹೆಚ್ಚು ಪುಟ ದಾಟಿರುತ್ತವೆ. ಆಮೇಲೂ ಬಿಡುಗಡೆಯಿಲ್ಲ, ವಿಟ್ನಿ ಹ್ಯೂಸ್ಟನ್ ಹಾಡುಗಳ ಗುಣಗಾನಕ್ಕೇ ಒಂದು ಅಧ್ಯಾಯ. ಬೇಸರವಾಗಿ ಪುಟ ಹಾರಿಸಿ ನೇರ ರಕ್ತಕ್ಕೆ ಹೋದವನು ಕೆಟ್ಟ. ಟೈ ವರ್ಣಿಸಿದ ದನಿಯಲ್ಲೇ, ಒಂದು ಕೂದಲೂ ಕೊಂಕದೆ, ಕೊಲೆಯನ್ನೂ ವರ್ಣಿಸುವುದರಲ್ಲಿ ಈ ಪುಸ್ತಕದ ದಿಗಿಲಿದೆ. ಟೈ ಓದದವನಿಗೆ ಹೆಣ ಬರೀ ಹೆಣ.

ಅಮೆರಿಕದ ಮಡಿವಂತಿಕೆ ದುಬಾರಿಯದು. ಇದೇ ಕಾದಂಬರಿಯನ್ನು ಅಚ್ಚು ಹಾಕಬೇಕಿದ್ದ ಪ್ರಕಾಶನ ಸಂಸ್ಥೆ ಸೈಮನ್ ಅಂಡ್ ಶುಸ್ಟರ್ 1990ರಲ್ಲಿ ಕೊನೆಗಳಿಗೆಯಲ್ಲಿ ಕೈತೊಳೆದುಕೊಂಡಿತು. ಮುಂಗಡದ 3 ಲಕ್ಷ ಡಾಲರ್ ಲೇಖಕನ ಬಳಿಯೇ ಉಳಿಯಿತು. ಮರುವರ್ಷ ವಿಂಟೇಜ್ ಎಂಬ ಇನ್ನೊಂದು ಪ್ರಕಾಶನ ಪುಸ್ತಕವನ್ನು ಹೊರತಂದಿತು. ಅಚ್ಚು ಹಾಕದ್ದಕ್ಕೂ ದುಡ್ಡು ಬರುವ ಈ ಯೋಗ ಕನ್ನಡದ ಯಾವ ಕಾದಂಬರಿಕಾರನ ಜಾತಕದಲ್ಲೂ ಇದ್ದಂತಿಲ್ಲ.

ಆಸ್ಟ್ರೇಲಿಯಾದೊಳಗೇ ಕ್ವೀನ್ಸ್‌ಲ್ಯಾಂಡ್ ರಾಜ್ಯ ಇನ್ನೂ ಒಂದು ಕೈ ಮೇಲಿತ್ತು. ದಶಕಗಳ ಕಾಲ ಅಲ್ಲಿ ಪ್ಲಾಸ್ಟಿಕ್ ಸುತ್ತಿದರೂ ಮಾರುವಂತಿರಲಿಲ್ಲ. ಆದರೆ ಕ್ವೀನ್ಸ್‌ಲ್ಯಾಂಡ್‌ನ ಕೂಲಂಗಟ್ಟ ಊರಿಗೂ ಪಕ್ಕದ ರಾಜ್ಯ ನ್ಯೂ ಸೌತ್ ವೇಲ್ಸ್‌ನ ಟ್ವೀಡ್ ಹೆಡ್ಸ್‌ಗೂ ನಡುವಿನ ಗಡಿ ಒಂದು ಬೀದಿ, ಅಷ್ಟೇ. ಈಚೆ ಬದಿಯಲ್ಲಿ ಅಪರಾಧವಾಗಿದ್ದದ್ದು ರಸ್ತೆ ದಾಟಿದರೆ ಸಾಹಿತ್ಯ. (ಬೇಸಿಗೆಯಲ್ಲಿ ಅಲ್ಲಿ ಗಡಿಯಾರವೂ ಒಂದು ಗಂಟೆ ಮುಂದೆ. ಓದುಗನೂ ಅಷ್ಟು ಬೇಗ ಕೆಡುತ್ತಾನೇನೋ.)

ಇ-ಪುಸ್ತಕದ ಮಡಿ ಮಾತ್ರ ಇನ್ನೂ ಬಗೆಹರಿದಿಲ್ಲ. ಫೋನಿಗೆ ಸ್ಕ್ರೀನ್ ಗಾರ್ಡ್ ಅಂಟಿಸಿಕೊಂಡಿದ್ದರೆ ನಡೆದೀತು, ಒಳಗೆ ಗುಳ್ಳೆ ಏಳದಂತೆ ನೋಡಿಕೊಳ್ಳಬೇಕು.